ಏತ್ವ ಹೋಗಿ ಗುಡಿಸು ಬಂದದ್ದು

‘ನಮ್ಮನ್ನು ಯಾರೂ ಓದುವುದಿಲ್ಲ’ ಎಂದು ಗೋಳಾಡುವ ಲೇಖಕರು ಎಪ್ಪತ್ತರ ದಶಕದ ಕ್ಯೂಬಾದಲ್ಲಿ ಹುಟ್ಟಬೇಕಿತ್ತು. ಅಲ್ಲಿ ಸರ್ಕಾರವೇ ಓದುತ್ತಿತ್ತು. ಹೆಂಚು ಸರಿಸಿ, ಸೂರಿನೊಳಗೆ ಕೈ ಹಾಕಿ, ಹಸ್ತಪ್ರತಿ ಹುಡುಕಿ ತೆಗೆದು ಓದುತ್ತಿತ್ತು. ಇಷ್ಟು ಶ್ರದ್ಧೆ ಯಾವ ವಿಮರ್ಶಕನಿಗುಂಟು?

ಕ್ಯೂಬಾದ ಕಾದಂಬರಿಕಾರ ರೇನಾಲ್ಡೊ ಅರೇನಾಸ್‌ಗೆ ಈ ಭಾಗ್ಯ ಧಾರಾಳವಾಗಿ ಸಿಕ್ಕಿತು. 1943ರಲ್ಲಿ ಪೂರ್ವ ಕ್ಯೂಬಾದ ಬಡ ಹಳ್ಳಿಮನೆಯಲ್ಲಿ ಹುಟ್ಟಿದವ, ಹವಾನಾಕ್ಕೆ ಬಂದು ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ. ಕೆಲವೇ ವರ್ಷ ಮೊದಲು, 1961ರಲ್ಲಿ, ಫಿಡೆಲ್ ಕ್ಯಾಸ್ಟ್ರೊ ಇದೇ ಗ್ರಂಥಾಲಯದಲ್ಲಿ ಬುದ್ಧಿಜೀವಿಗಳನ್ನು ಕೂರಿಸಿಕೊಂಡು, ಕ್ರಾಂತಿಯ ಒಳಗಿದ್ದರೆ ಎಲ್ಲವೂ ಉಂಟು, ವಿರುದ್ಧ ನಿಂತರೆ ಏನೂ ಇಲ್ಲ ಎಂದು ಬೇಲಿ ಹಾಕಿದ್ದ. ಬೇಲಿ ಎಲ್ಲಿದೆ ಎಂದು ಮಾತ್ರ ತೋರಿಸಿರಲಿಲ್ಲ. ದಾಟಿದ ಮೇಲೆ ಪೊಲೀಸರು ಬಂದು ತೋರಿಸುತ್ತಿದ್ದರು.

1967ರಲ್ಲಿ ಮೊದಲ ಕಾದಂಬರಿ ಹವಾನಾದಲ್ಲಿ ಅಚ್ಚಾಯಿತು. ಅವನು ಬದುಕಿರುವಾಗ ಸ್ವದೇಶದಲ್ಲಿ ಅಚ್ಚಾದ ಕಾದಂಬರಿ ಅದೊಂದೇ. ಎರಡನೆಯದನ್ನು, ಜೈಲುಗಳಿಂದ ತಪ್ಪಿಸಿಕೊಳ್ಳುತ್ತಲೇ ಇರುವ ಪಾದ್ರಿಯೊಬ್ಬನ ಕತೆಯನ್ನು, ಲೇಖಕರ ಒಕ್ಕೂಟ ಸ್ಪರ್ಧೆಯಲ್ಲಿ ಮೆಚ್ಚಿಕೊಂಡಿತು, ಅಚ್ಚಿಗೆ ಮಾತ್ರ ಹೋಗಲಿಲ್ಲ. ಹಸ್ತಪ್ರತಿ ಗುಟ್ಟಾಗಿ ಪ್ಯಾರಿಸ್ ಸೇರಿ 1968ರಲ್ಲಿ ಫ್ರೆಂಚಿನಲ್ಲಿ ಪುಸ್ತಕವಾಯಿತು. ಅನುಮತಿಯಿಲ್ಲದೆ ಹೆಸರು ಮಾಡುವುದೆಂದರೆ ಸಾಮಾನ್ಯ ಅಪರಾಧವೇ?

ಮೇಲಾಗಿ ಅವನು ಸಲಿಂಗಕಾಮಿ. ಕೇಸು ಬಿತ್ತು. ತಪ್ಪಿಸಿಕೊಂಡವ ಹವಾನಾದ ಒಂದು ಪಾರ್ಕಿನಲ್ಲಿ ಅಡಗಿ, ಕತ್ತಲಾಗುವುದರೊಳಗೆ ಎಂದು ಅವಸರದಲ್ಲಿ ಆತ್ಮಕಥೆ ಗೀಚಿದ. ಆ ಪಾರ್ಕಿಗೆ ಲೆನಿನ್ ಹೆಸರು! ಸಿಕ್ಕಿಬಿದ್ದ ಮೇಲೆ, ಸ್ಪೇನಿನವರು ಕಟ್ಟಿದ್ದ ಎಲ್ ಮೊರೊ ಕೋಟೆಯೇ ಜೈಲು. ಅಲ್ಲಿ ಸಹಕೈದಿಗಳ ಹೆಂಡಿರಿಗೆ, ಪ್ರೇಯಸಿಯರಿಗೆ ಕಾಗದ ಬರೆದುಕೊಡುತ್ತಿದ್ದ. ಸಂಭಾವನೆ ಸಿಗರೇಟು. ಕೈಮೇಲೆ ಸಂಭಾವನೆ ಕೊಟ್ಟ ಪ್ರಕಾಶನವೆಂದರೆ ಅದೇ ಇರಬೇಕು. 1976ರಲ್ಲಿ ಬಿಡುಗಡೆಯಾಯಿತು. ಸಮುದ್ರದ ಮೇಲಿನ ಕಾದಂಬರಿಯೊಂದನ್ನಂತೂ, ಕಳೆದುಹೋಗಿ ಒಮ್ಮೆ, ಪೊಲೀಸರು ಹೊತ್ತೊಯ್ದು ಇನ್ನೊಮ್ಮೆ, ಹೀಗೆ ಮೊದಲಿಂದ ಮತ್ತೆ ಮತ್ತೆ ಬರೆದ. ತಿದ್ದಿ ಬರೆಯಿರಿ ಎಂದು ಸಂಪಾದಕರು ಹೇಳಿದರೆ ಮುನಿಸಿಕೊಳ್ಳುವವರು ಗಮನಿಸಬೇಕು.

1980ರಲ್ಲಿ ಸರ್ಕಾರಕ್ಕೆ ಕಸ ಗುಡಿಸುವ ಹುಕಿ ಬಂತು. ಬೇಡದವರೆಲ್ಲ ಮರಿಯೆಲ್ ಬಂದರಿನಿಂದ ತೊಲಗಬಹುದು ಎಂದಿತು. ಸುಮಾರು 1,25,000 ಜನ ಹೊರಟರು. ಸಲಿಂಗಕಾಮಿಯಾದರೆ ಕಸ, ಹೊರಡಬಹುದು. ಲೇಖಕನಾದರೆ ಹೊರಗೆ ಹೋಗಿ ಬರೆದಾನು, ಹೊರಡುವಂತಿಲ್ಲ. ಒಬ್ಬನೇ ಮನುಷ್ಯ ಎರಡೂ ಆಗಿದ್ದರೆ? ಅದಕ್ಕೆ ಫಾರಂ ಇರಲಿಲ್ಲ. ಅಧಿಕಾರಿಗಳು ಅವನನ್ನು ತಮ್ಮ ಮುಂದೆ ನಡೆದಾಡಿಸಿ, ನಡಿಗೆ ನೋಡಿ, ಕಸವೆಂದು ಪ್ರಮಾಣೀಕರಿಸಿದರು. ಅತ್ತ ಬಂದರಿನಲ್ಲಿ ಮಾತ್ರ ‘ಅರೇನಾಸ್’ ಎಂಬ ಲೇಖಕನನ್ನು ತಡೆಯುವ ಪಟ್ಟಿ ಸಿದ್ಧವಿತ್ತು. ಅವನು ಪೆನ್ನು ತೆಗೆದು ಪಾಸ್‌ಪೋರ್ಟಿನಲ್ಲಿ ತನ್ನ ಹೆಸರಿನ e ಯನ್ನು i ಮಾಡಿದ, ಅಂದರೆ ನಮ್ಮ ಲೆಕ್ಕದಲ್ಲಿ ಏತ್ವ ತೆಗೆದು ಗುಡಿಸು ಹಾಕಿದ. ‘ಅರಿನಾಸ್’ ದೋಣಿ ಹತ್ತಿದ. ಇಷ್ಟು ವರ್ಷ ಸೂರು ತಡಕಿ ಓದಿದ ಸರ್ಕಾರ, ಪ್ರೂಫ್ ನೋಡುವುದರಲ್ಲಿ ಸೋತಿತು.

ಇನ್ನು ಅಮೆರಿಕ. ತಾನು ಕ್ಯೂಬಾದೊಳಗಿದ್ದಾಗ ತನ್ನ ಪುಸ್ತಕಗಳನ್ನು ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರೇ, ಹೊರಬಂದು ಬಾಯಿ ಬಿಟ್ಟ ಮೇಲೆ ಪಠ್ಯಪಟ್ಟಿಯಿಂದ ಕೈಬಿಟ್ಟರು ಎಂದು ಅವನೇ ಹೇಳಿಕೊಂಡಿದ್ದಾನೆ. ಪಾಪ, ಬಂಡಾಯಗಾರ ದೂರದ ಜೈಲಿನಲ್ಲಿದ್ದರೆ ಚೆಂದ, ಕ್ಯಾಂಪಸ್ಸಿಗೆ ಬಂದು ಎದುರು ವಾದಿಸಿದರೆ ಕಷ್ಟ. ಏಡ್ಸ್‌ನಿಂದ ನರಳಿ 1990ರಲ್ಲಿ ಅವನು ತೀರಿಕೊಂಡದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಹಸ್ತಪ್ರತಿ ಮೇಜಿನ ಮೇಲೇ ಬಿದ್ದಿದ್ದರೂ ಯಾವ ಪೊಲೀಸಪ್ಪನೂ ಓದಲು ಬರುತ್ತಿರಲಿಲ್ಲ.