ಗೆಳತಿಯ ಮದುವೆ ತಡೆಯಲು ವಿದ್ಯಾರ್ಥಿನಿಯರಿಗೆ ಹಕ್ಕಿಲ್ಲ ಎಂಬುದು ಸರಿಯಲ್ಲ

ಕೊಪ್ಪಳ ಜಿಲ್ಲೆಯ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶವೊಂದು, ಬಾಲ್ಯವಿವಾಹದ ಬಗ್ಗೆ ದೂರು ಕೊಡಲು ರಕ್ತಸಂಬಂಧಿಗಳಿಗೆ ಮಾತ್ರ ಅಧಿಕಾರವಿದೆ, ಶಾಲೆಯ ಹುಡುಗಿಯರು ಗುಂಪು ಕಟ್ಟಿಕೊಂಡು ಸಹಪಾಠಿಯ ಮದುವೆಗೆ ಅಡ್ಡ ಬರುವುದು ಕಾನೂನುಬಾಹಿರ, ತಾಳಿ ಕಟ್ಟಿದ ಮೇಲಂತೂ ಮದುವೆ ಊರ್ಜಿತವೇ ಎಂದು ಹೇಳುತ್ತದೆ. ಈ ಮೂರೂ ಮಾತುಗಳು ತಪ್ಪು.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನ ಪ್ರಕಾರ, ಇಂಥ ಮದುವೆ ನಡೆಯಲಿದೆ ಎಂದು ಸ್ವತಃ ತಿಳಿದಿರುವ ಅಥವಾ ಹಾಗೆ ನಂಬಲು ಕಾರಣವಿರುವ ಯಾವುದೇ ವ್ಯಕ್ತಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಿ ತಡೆಯಾಜ್ಞೆ ಕೋರಬಹುದು. ದೂರುದಾರರು ಬಂಧುವಾಗಿರಬೇಕೆಂಬ ಷರತ್ತು ಅಲ್ಲಿಲ್ಲ. ಮದುವೆಯ ಸುದ್ದಿ ಮೊದಲು ಮುಟ್ಟುವುದು ಪಕ್ಕದ ಬೆಂಚಿನ ಗೆಳತಿಗೇ ಎಂಬುದನ್ನು ಬಲ್ಲವರಿಗೆ ಈ ಅವಕಾಶದ ಬೆಲೆ ಬೇರೆ ಹೇಳಬೇಕಿಲ್ಲ. ಕೋರ್ಟಿನವರೆಗೆ ಹೋಗಲಾಗದ ವಿದ್ಯಾರ್ಥಿನಿಯರು 1098 ಮಕ್ಕಳ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು, ಶಿಕ್ಷಕರಿಗೋ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೋ ತಿಳಿಸಬಹುದು.

ಊರ್ಜಿತದ ಮಾತಿನಲ್ಲಿ ಗೊಂದಲಕ್ಕೆ ಕಾರಣವಿದೆ. ಕೇಂದ್ರ ಕಾಯ್ದೆಯಡಿ ಬಾಲ್ಯವಿವಾಹವು ಸಾಮಾನ್ಯವಾಗಿ, ಬಾಲ್ಯದಲ್ಲಿ ಮದುವೆಯಾದವರೇ ಅರ್ಜಿ ಹಾಕಿದರೆ ಮಾತ್ರ ರದ್ದಾಗುತ್ತದೆ. ಆದರೆ ಕರ್ನಾಟಕದ 2016ರ ತಿದ್ದುಪಡಿ ಜಾರಿಗೆ ಬಂದ ನಂತರ ರಾಜ್ಯದಲ್ಲಿ ನಡೆದ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ಸುಪ್ರೀಂ ಕೋರ್ಟು 2017ರ ಅಕ್ಟೋಬರ್ ತೀರ್ಪೊಂದರಲ್ಲಿ ಈ ತಿದ್ದುಪಡಿಯನ್ನು ಮೆಚ್ಚಿ, ಇತರ ರಾಜ್ಯಗಳೂ ಅನುಸರಿಸಲಿ ಎಂಬ ಆಶಯ ವ್ಯಕ್ತಪಡಿಸಿದೆ.

ಹೆಣ್ಣಿನ ವಿವಾಹ ವಯಸ್ಸು ಈಗ 21 ಎಂಬ ಅದೇ ಸಂದೇಶದ ಕೊನೆಯ ಸಾಲೂ ನಿಜವಲ್ಲ: ವಯಸ್ಸನ್ನು 21ಕ್ಕೆ ಏರಿಸಲು ತಂದ 2021ರ ಮಸೂದೆ ಅಂಗೀಕಾರವಾಗದೆ 17ನೇ ಲೋಕಸಭೆಯೊಂದಿಗೆ ಬಿದ್ದುಹೋಯಿತು, ವಯಸ್ಸು 18ರಲ್ಲೇ ಇದೆ.