ಸತ್ಯಾಂಶ: ಗೋಡೆ ಹತ್ತಿದರೆ ಮಕ್ಕಳು ಕುಳ್ಳರಾಗುತ್ತಾರಾ?

ಪುಣೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ: ‘ಕ್ಲೈಂಬಿಂಗ್ ಗೋಡೆ ಹತ್ತುವ ಮಕ್ಕಳ ಎತ್ತರ ನಿಂತುಹೋಗುತ್ತದೆ. ಕೂಡಲೇ ಬಿಡಿಸಿ.’ (ಕ್ಲೈಂಬಿಂಗ್ ಗೋಡೆ ಎಂದರೆ ಹತ್ತುವ ಆಟಕ್ಕೆಂದೇ ಕೈಕಾಲಿಗೆ ಬಣ್ಣದ ಹಿಡಿಗಳನ್ನು ಜೋಡಿಸಿದ ಗೋಡೆ.) ಮಗಳನ್ನು ಈಗಷ್ಟೇ ಈ ಆಟಕ್ಕೆ ಸೇರಿಸಿದ್ದ ಗೆಳತಿ ಗಾಬರಿಯಾಗಿ ಫೋನ್ ಮಾಡಿದ್ದರು.

ಇದು ನಿಜವಲ್ಲ. ಎತ್ತರ ಬಹುಪಾಲು ಅಪ್ಪ ಅಮ್ಮನಿಂದ ಬರುತ್ತದೆ, ಜೊತೆಗೆ ಊಟ, ಆರೋಗ್ಯ. ಜೆಕ್ ದೇಶದ ಹೆಸರಾಂತ ಕ್ಲೈಂಬರ್ ಆಡಮ್ ಒಂಡ್ರಾ ಚಿಕ್ಕಂದಿನಿಂದಲೇ ಹತ್ತಿದವರು. ಅವರ ಎತ್ತರ 6 ಅಡಿಗೂ ಜಾಸ್ತಿ! ಹಗುರವಾದ ಚಿಕ್ಕ ಮೈಯವರಿಗೆ ಈ ಆಟ ಚೆನ್ನಾಗಿ ಒಗ್ಗುತ್ತದೆ, ಹಾಗಾಗಿ ಸ್ಪರ್ಧೆಗಳಲ್ಲಿ ಕುಳ್ಳರು ಕಾಣಿಸುತ್ತಾರೆ. ಬಾಸ್ಕೆಟ್‌ಬಾಲ್ ಆಡಿ ಯಾರೂ ಉದ್ದ ಆಗಲ್ಲ, ಅಲ್ವಾ? ಇದೂ ಹಾಗೆಯೇ.

ಆದರೆ ಒಂದು ಮಾತು. ಬೆಳೆಯುವ ವಯಸ್ಸಿನಲ್ಲಿ ಬೆರಳಿನ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಬೆರಳ ತುದಿಯಲ್ಲೇ ಮೈಭಾರ ಹೊತ್ತು ಜಿಗಿಯುವ ಕಠಿಣ ತರಬೇತಿ ಅತಿಯಾದರೆ ಅಲ್ಲಿ ಬಿರುಕು ಬಿಡಬಹುದು. ಬೆರಳಿನ ನಡುಗೆಣ್ಣು ನೋಯುತ್ತಿದ್ದರೆ ಹತ್ತುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಇದು ಬೆರಳಿನ ಗಾಯ, ಎತ್ತರದ ವಿಷಯವಲ್ಲ. ವಾರಕ್ಕೆರಡು ಸಲ ಖುಷಿಗೆ ಹತ್ತುವ ಮಗುವಿಗೆ ಈ ಚಿಂತೆ ಬಹಳ ದೂರದ್ದು.

ಸಿಕ್ಕುವುದೇನು? ಕಾಲು, ಬೆನ್ನು, ಹಿಡಿತ ಗಟ್ಟಿಯಾಗುತ್ತವೆ. ನನಗೆ ಇಷ್ಟವಾದದ್ದು ಬೇರೆ: ಒಂದೇ ಬಣ್ಣದ ಹಿಡಿಗಳನ್ನಷ್ಟೇ ಬಳಸಿ ಮೇಲೆ ಹೋಗಬೇಕು, ಥೇಟ್ ಒಗಟು ಬಿಡಿಸಿದ ಹಾಗೆ. ಹೊಸಬರು ಸುಮ್ನೆ ಕೈಯಲ್ಲಿ ಎಳೆದುಕೊಂಡು ಸುಸ್ತಾಗುತ್ತಾರೆ. ಕಾಲನ್ನು ನಂಬಿದವರು ಮೇಲೆ ತಲುಪುತ್ತಾರೆ. ಮಳೆಗಾಲದಲ್ಲಿ ಪುಣೆ ಬಳಿಯ ಸಿಂಹಗಡ ಕೋಟೆಯ ದಾರಿ ಜಾರುವಾಗಲೂ ಈ ಗೋಡೆ ಒಣಗಿಯೇ ಇರುತ್ತದೆ. ಕೋಟೆಯ ಮೇಲೆ ಸಿಗುವ ಪಿಠಲ-ಭಾಕರಿ (ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ) ಮಾತ್ರ ಇಲ್ಲಿ ಸಿಗುವುದಿಲ್ಲ.