ಡ್ರೈವರ್ ಕೈಕೊಟ್ಟ ಕಥೆ

ಮನೆಯ ಕಂಪ್ಯೂಟರಿನ ಪರದೆ ಮೊದಲ ಸಲ ಕಪ್ಪಾದಾಗ ಕರೆಂಟು ಹೋಯಿತೆಂದೇ ತಿಳಿದೆವು. ತಲೆಯೆತ್ತಿ ನೋಡಿದರೆ ಫ್ಯಾನು ತಿರುಗುತ್ತಿತ್ತು. ಅಷ್ಟರಲ್ಲಿ ಪರದೆ ತಾನಾಗಿಯೇ ಬೆಳಗಿ, ಮೂಲೆಯಲ್ಲಿ ಒಂದು ಒಕ್ಕಣೆ ಕಾಣಿಸಿಕೊಂಡಿತು. ಡಿಸ್‌ಪ್ಲೇ ಡ್ರೈವರ್, ಅಂದರೆ ಪರದೆಯ ಚಿತ್ರದ ಉಸ್ತುವಾರಿ ನೋಡುವ ತಂತ್ರಾಂಶ, ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬುದು ಅದರ ಸಾರಾಂಶ. ಆಸ್ಪತ್ರೆಯ ಪ್ರಕಟಣೆಯಂತಿದ್ದ ಆ ಮಾತನ್ನು ನಂಬಿದೆ. ಹತ್ತು ನಿಮಿಷದಲ್ಲಿ ರೋಗಿ ಮತ್ತೆ ಮೂರ್ಛೆ ಹೋದ.

ಹೆಂಡತಿ ಇದನ್ನು ಹಾಸನದ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದಳು. ಡ್ರೈವರ್ ಪದೇ ಪದೇ ಕೈಕೊಡುತ್ತಿದ್ದಾನೆ ಎಂಬ ಸುದ್ದಿ ಅರಸೀಕೆರೆ ತಲುಪುವ ಹೊತ್ತಿಗೆ, ನಾವು ಬಂಧುಗಳಿಗೆ ಒಂದು ಮಾತೂ ತಿಳಿಸದೆ ಕಾರು ಕೊಂಡಿದ್ದೇವೆ ಎಂಬ ಮುನಿಸಾಗಿತ್ತು.

ಓದಿ ತಿಳಿದುಕೊಂಡದ್ದು ಇಷ್ಟು. ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡಿಗೆ ಒಂದು ಕೆಲಸ ಒಪ್ಪಿಸಿದ ಮೇಲೆ ವಿಂಡೋಸ್ 2 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಹೂಂ ಎನ್ನದಿದ್ದರೆ ಡ್ರೈವರನ್ನು ಎಬ್ಬಿಸಿ ಮೊದಲಿನಿಂದ ಕೆಲಸಕ್ಕೆ ಕೂರಿಸುತ್ತದೆ. ಒಂದು ಕಾರ್ಡಿನಿಂದಾಗಿ ಇಡೀ ಯಂತ್ರ ಸ್ತಬ್ಧವಾಗದಿರಲಿ ಎಂದು 2007ರ ವಿಂಡೋಸ್ ವಿಸ್ಟಾ ಕಾಲದಿಂದ ಇರುವ ಏರ್ಪಾಡು ಇದು. ಖಾತೆ ಬದಲಾವಣೆಗೆ ಎಂಟು ತಿಂಗಳು ಅಲೆದಿದ್ದ ನನಗೆ 2 ಸೆಕೆಂಡು ತೀರ ಅವಸರ ಎನಿಸಿತು. ಬಡಪಾಯಿ ಕಾರ್ಡಿಗೆ ಸ್ವಲ್ಪ ಪುರುಸೊತ್ತು ಕೊಡೋಣ ಎಂದು ವಿಂಡೋಸ್ ತನ್ನ ಕಟ್ಟಳೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿ ತೆರೆದು, 'ಟಿಡಿಆರ್ ಡಿಲೇ' ಎಂಬ ಹೆಸರಿನಲ್ಲಿ 10 ಎಂದು ತುಂಬಿದೆ.

ಸಂಖ್ಯೆ ತುಂಬುವ ಆ ಚೌಕದ ಪಕ್ಕದಲ್ಲಿ ಎರಡು ಪುಟ್ಟ ವೃತ್ತಗಳಿರುತ್ತವೆ, ಹದಿನಾರರ ಲೆಕ್ಕದ ಹೆಕ್ಸಾಡೆಸಿಮಲ್ ಮತ್ತು ನಮ್ಮ ಎಂದಿನ ಹತ್ತರ ಲೆಕ್ಕದ ಡೆಸಿಮಲ್. ನಾವು ಮುಟ್ಟದಿದ್ದರೆ ಮೊದಲನೆಯದೇ ಜಾರಿಯಲ್ಲಿರುತ್ತದೆ. ಆ ಲೆಕ್ಕದಲ್ಲಿ 10 ಎಂದರೆ 16. ಹೀಗೆ ಕಾರ್ಡಿಗೆ ನಾನು ಕೊಡಲು ಹೊರಟಿದ್ದಕ್ಕಿಂತ 6 ಸೆಕೆಂಡು ಹೆಚ್ಚೇ ಸಿಕ್ಕಿತು. ಮಂಜೂರಾದ ರಜೆಯನ್ನು ಒಂದು ದಿನವೂ ಬಿಡದೆ ಬಳಸುವ ನೌಕರನಂತೆ ಅದು ಅಷ್ಟನ್ನೂ ಬಳಸಿಕೊಂಡಿತು. ಮಗನ ಕ್ರಿಕೆಟ್ ಆಟದಲ್ಲಿ ಬೌಲರ್ ಒಂದು ಕಾಲೆತ್ತಿ, ತಪಸ್ಸಿಗೆ ನಿಂತ ಅರ್ಜುನನಂತೆ 16 ಸೆಕೆಂಡು ಗಾಳಿಯಲ್ಲಿ ನಿಂತ. ಆಮೇಲೆ ಎಂದಿನಂತೆ ಕತ್ತಲು. ಮಗ ಬ್ಯಾಟ್ ಬೀಸುವುದೋ ಊಟಕ್ಕೆ ಏಳುವುದೋ ತಿಳಿಯದೆ ನನ್ನ ಮುಖ ನೋಡಿದ.

ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಜೀವ ಪಡೆಯುತ್ತದೆ ಎಂದು ತಿಳಿದು ಅದನ್ನೂ ಮಾಡಿದೆ. ಪರದೆ ಒಮ್ಮೆ ಮಿಟುಕಿ 'ಬೀಪ್' ಎನ್ನುತ್ತಿತ್ತು. ಎಷ್ಟು ಅಭ್ಯಾಸವಾಯಿತೆಂದರೆ, ಟಿವಿ ನಿಂತರೂ ನನ್ನ ಎಡಗೈ ಬೆರಳುಗಳು ಹಾರ್ಮೋನಿಯಂ ನುಡಿಸುವ ಭಂಗಿಗೆ ಬರುತ್ತಿದ್ದವು.

ಕೊನೆಗೆ ಡ್ರೈವರನ್ನು ಬೇರುಸಹಿತ ಕೀಳುವುದೆಂದು ತೀರ್ಮಾನಿಸಿದೆ. ಮೊದಲು ಇಂಟರ್‌ನೆಟ್ ಕೇಬಲ್ ಎಳೆದಿಡಬೇಕು, ಇಲ್ಲವಾದರೆ ನಾವು ಕಿತ್ತ ಬೆನ್ನಿಗೇ ವಿಂಡೋಸ್ ತನಗೆ ತೋಚಿದ್ದೊಂದನ್ನು ತಂದು ನೆಡುತ್ತದೆ. ತೀರ ಅಗತ್ಯವಾದಷ್ಟನ್ನೇ ಹೊತ್ತು ಏಳುವ ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ಎದ್ದಾಗ ಅಕ್ಷರಗಳು ಅಂಗಡಿ ಬೋರ್ಡಿನಷ್ಟು ದಪ್ಪವಾಗಿದ್ದವು. ಆ ಹೊತ್ತಿಗೆ ಅಪ್ಪ ಬಂದರು. ಬಾಗಿಲಲ್ಲೇ ನಿಂತು, ಕನ್ನಡಕವಿಲ್ಲದೆ, "ರೀಸೈಕಲ್ ಬಿನ್" ಎಂದು ಗಟ್ಟಿಯಾಗಿ ಓದಿದರು. "ಈಗ ಸರಿಮಾಡಿದೆ ನೋಡು. ಇನ್ನು ಇದನ್ನು ಮುಟ್ಟಬೇಡ" ಎಂದರು. ಮೂರು ವರ್ಷದಲ್ಲಿ ಆ ಯಂತ್ರದ ಬಗ್ಗೆ ಅವರಾಡಿದ ಮೊದಲ ಒಳ್ಳೆಯ ಮಾತು.

ಆದರೂ ಮುಟ್ಟಿದೆ. ಹೊಸ ಡ್ರೈವರ್ ಹಾಕಿದೆ, ಅದು ಬಿತ್ತು. ಹಳೆಯದನ್ನು ಹಾಕಿದೆ, ಅದೂ ಬಿತ್ತು.

ಬೀದಿ ಕೊನೆಯ ರಿಪೇರಿ ಅಂಗಡಿಯ ಹುಡುಗ ಬಂದಾಗ ರಿಜಿಸ್ಟ್ರಿಯಿಂದ ಹಿಡಿದು ನನ್ನ ಪಾಂಡಿತ್ಯವನ್ನೆಲ್ಲ ಒಪ್ಪಿಸಿದೆ. ಅವನು ಕೇಳಿಸಿಕೊಳ್ಳುತ್ತಲೇ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಒಳಗೆ ದಿಂಬಿಗೆ ಸಾಲುವಷ್ಟಿದ್ದ ಧೂಳನ್ನು ಬ್ರಷ್ಷಿನಿಂದ ಕೆಡವಿ, ಕಾರ್ಡನ್ನು ಹೊರಗೆಳೆದು, "ಮನೆಯಲ್ಲಿ ರಬ್ಬರ್ ಇದೆಯೇ?" ಎಂದ. ಮಗಳ ಕಂಪಾಸಿನಿಂದ ಸ್ಟ್ರಾಬೆರಿ ವಾಸನೆಯ ರಬ್ಬರ್ ಬಂತು. ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಎರಡೂ ಬದಿಯಲ್ಲಿ ಮೆಲ್ಲಗೆ ಉಜ್ಜಿದ. ರಬ್ಬರ್ ಕಪ್ಪಾಯಿತು, ಪಟ್ಟಿ ಹೊಳೆಯಿತು. ಮತ್ತೆ ಕೂರಿಸಿ ಒತ್ತಿದಾಗ 'ಟಕ್' ಎಂದು ಸದ್ದಾಯಿತು.

"ಒಂದು ಬದಿ ಎದ್ದಿತ್ತು ಸಾರ್, ಕೊಕ್ಕೆಯೇ ಬಿದ್ದಿರಲಿಲ್ಲ. ಯಾರು ಹಾಕಿದ್ದು?"

ಆ ಕಾರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಮನೆಮಂದಿಯೆಲ್ಲರ ಎದುರು ಕೂರಿಸಿದವನು ನಾನೇ.

"ಯಾರೋ ಹಿಂದಿನವನು" ಎಂದೆ. ಹೆಂಡತಿ ಹುಡುಗನಿಗೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು.

ಅಂದಿನಿಂದ ಪರದೆ ಕಪ್ಪಾಗಿಲ್ಲ. ಮಗಳಿಗೆ ಹೊಸ ರಬ್ಬರ್ ಕೊಡಿಸಿದ್ದಾಯಿತು. ಅಪ್ಪ ಮಾತ್ರ ಸಂಜೆ ವಾಕಿಂಗ್ ಮುಗಿಸಿ ಬಂದು, ಬಾಗಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿ ಪರದೆ ನೋಡುತ್ತಾರೆ.

"ಅಷ್ಟು ಚೆನ್ನಾಗಿತ್ತು. ಆ ಹುಡುಗ ಬಂದು ಕೆಡಿಸಿ ಹೋದ" ಎನ್ನುತ್ತಾರೆ.